ತಾಳಮದ್ದಳೆ ಕೇಳಲು ಒಂದು 2.1 ಸ್ಪೀಕರ್

ಮೇಜಿನ ಮೇಲಿನ ಕಂಪ್ಯೂಟರಿಗೆ ಜೋಡಿಸಿಕೊಳ್ಳಲು ಸಬ್‌ವೂಫರ್ ಇರುವ ಸ್ಪೀಕರ್ ಸೆಟ್ ಕೊಳ್ಳಬೇಕೆಂದು ಹೊರಟಾಗ ನಾನು ಹಾಕಿಕೊಂಡಿದ್ದ ಮಿತಿ 4,000 ರೂಪಾಯಿ. ನಾನು ಕೇಳುವುದು ಹೆಚ್ಚಾಗಿ ತಾಳಮದ್ದಳೆ ಮತ್ತು ಬಡಗುತಿಟ್ಟಿನ ಯಕ್ಷಗಾನದ ಧ್ವನಿಮುದ್ರಣಗಳನ್ನು, ನಡುವೆ ಅಷ್ಟಿಷ್ಟು ಹಿಂದೂಸ್ತಾನಿ ಗಾಯನವನ್ನು. ಸಿನಿಮಾ ನೋಡುವುದು ಅಪರೂಪ, ಗೇಮ್ ಆಡುವುದಂತೂ ಇಲ್ಲವೇ ಇಲ್ಲ. ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಈ ಬೆಲೆಯ ಸೆಟ್‌ಗಳನ್ನು ಮಾರುವವರೂ ಕೊಳ್ಳುವವರೂ ಬಹುಮಟ್ಟಿಗೆ ಬೇಸ್ ಎಷ್ಟು ಜೋರಾಗಿದೆ ಎಂಬುದನ್ನೇ ಅಳೆಯುತ್ತಾರೆ. ತಾಳಮದ್ದಳೆಯಲ್ಲಿಯಾದರೋ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ ಮುಗಿದ ಮೇಲೆ ಪಾತ್ರದ ಮಾತನ್ನಾಡುವ ಅರ್ಥಧಾರಿಯೊಬ್ಬರು ಕುಳಿತಲ್ಲಿಂದಲೇ ಅರ್ಧ ಗಂಟೆ ಮಾತನಾಡಿದರೂ ಆಶ್ಚರ್ಯವಿಲ್ಲ. ಹಾಗಾಗಿ ನನಗೆ ಮುಖ್ಯವಾಗಿದ್ದುದು ಗಂಡಸಿನ ಮಾತು ಎದುರಿಗೆ ಕುಳಿತವರ ಮಾತಿನಂತೆ ಕೇಳಬೇಕು ಎಂಬುದೊಂದೇ. ಅಗ್ಗದ 2.1 ಸೆಟ್‌ಗಳು ಹೆಚ್ಚಾಗಿ ಸೋಲುವುದು ಅಲ್ಲಿಯೇ ಎಂಬುದು ಅಂಗಡಿಗಳನ್ನು ಸುತ್ತುತ್ತಾ ಹೋದಂತೆ ಸ್ಪಷ್ಟವಾಯಿತು.

2.1 ಎಂದರೆ ಎಡಬಲಕ್ಕೆ ಒಂದೊಂದು ಚಿಕ್ಕ ಸ್ಪೀಕರ್, ತಗ್ಗಿನ ಸ್ವರಗಳಿಗೆಂದೇ ಒಂದು ದೊಡ್ಡ ಪೆಟ್ಟಿಗೆ, ಅದೇ ಸಬ್‌ವೂಫರ್. ಚಿಕ್ಕವಕ್ಕೆ ಅಂಗಡಿಯವರು ಸ್ಯಾಟಲೈಟ್ ಎನ್ನುತ್ತಾರೆ. ಈ ವಿಂಗಡಣೆಯ ಹಿಂದಿರುವುದು ಸರಳವಾದ ಭೌತಶಾಸ್ತ್ರ: ಆವರ್ತನ (ಸೆಕೆಂಡಿಗೆ ಎಷ್ಟು ಕಂಪನ ಎಂಬುದು, ಅದರ ಅಳತೆ ಹರ್ಟ್ಜ್) ಅರ್ಧಕ್ಕೆ ಇಳಿದಾಗಲೂ ಸದ್ದು ಅಷ್ಟೇ ಜೋರಾಗಿ ಉಳಿಯಬೇಕಾದರೆ ಸ್ಪೀಕರಿನ ಕೋನ್, ಅಂದರೆ ಅದುರಿ ಸದ್ದು ಹೊರಡಿಸುವ ಶಂಕುವಿನಾಕಾರದ ಪರದೆ, ನಾಲ್ಕು ಪಟ್ಟು ದೂರ ಹಿಂದೆ ಮುಂದೆ ಚಲಿಸಬೇಕಾಗುತ್ತದೆ. 240 ಹರ್ಟ್ಜ್‌ನಿಂದ 60 ಹರ್ಟ್ಜ್‌ಗೆ ಇಳಿದರೆ ಅದು ಹದಿನಾರು ಪಟ್ಟಾಗುತ್ತದೆ. ಎರಡೂವರೆ ಇಂಚಿನ ಕೋನ್ ಅಷ್ಟು ಚಲಿಸಲಾರದು. ಆದ್ದರಿಂದ ಆ ಕೆಲಸವನ್ನು ನಾಲ್ಕೋ ಐದೋ ಇಂಚಿನ ಕೋನ್ ಇರುವ ಪೆಟ್ಟಿಗೆಗೆ ವಹಿಸುತ್ತಾರೆ. ಹತ್ತು ಸಾವಿರಕ್ಕೆ ಹತ್ತಿರ ಖರ್ಚು ಮಾಡಬಲ್ಲವರು ತಗ್ಗಿನ ಸ್ವರಗಳಿಗೆ ನಾಲ್ಕು ಇಂಚಿನ ವೂಫರ್ ಮತ್ತು ಮೇಲಿನ ಸ್ವರಗಳಿಗೆ ನಿಜವಾದ ಟ್ವೀಟರ್ ಇರುವ ಒಂದು ಜೊತೆ ಮರದ ಸ್ಪೀಕರ್ ಕೊಂಡು, ಸಬ್‌ವೂಫರಿನ ಗೊಡವೆಯನ್ನೇ ಬಿಡುವುದು ಒಳ್ಳೆಯದು ಎಂದು ನನಗೆ ಈಗಲೂ ಅನ್ನಿಸುತ್ತದೆ. ಆದರೆ ನಾಲ್ಕು ಸಾವಿರದೊಳಗೆ ಸಿಗುವ ಎರಡೇ ಪೆಟ್ಟಿಗೆಯ ಸ್ಪೀಕರ್‌ಗಳಲ್ಲಿ ಹೆಚ್ಚಿನವು ತೀರ ಚಿಕ್ಕವು. ಅವುಗಳಲ್ಲಿ ಮದ್ದಳೆಯ ಎಡಭಾಗದ ಗುಂಕಾರ ಇಲ್ಲವಾಗಿ ಬಲಭಾಗದ ಟಕಟಕ ಮಾತ್ರ ಉಳಿಯುತ್ತದೆ. ಹೀಗಾಗಿ ಸಬ್‌ವೂಫರ್ ಅನಿವಾರ್ಯವಾಯಿತು.

ಅಂಗಡಿಗೆ ಹೋಗುವ ಮೊದಲು ತಯಾರಕರು ಪ್ರಕಟಿಸುವ ವಿವರಗಳನ್ನು ಓದಿ ನೋಡಿದೆ. ಅವುಗಳಲ್ಲಿ ಎಲ್ಲಕ್ಕಿಂತ ಗೊಂದಲ ಹುಟ್ಟಿಸುವುದು ವ್ಯಾಟ್ ಲೆಕ್ಕ. ಟೇಪ್‌ರೆಕಾರ್ಡರ್ ಕಾಲದಿಂದಲೂ ನಮ್ಮಲ್ಲಿ ಪಿ.ಎಂ.ಪಿ.ಒ. ಎಂಬ ಮಾಪನ ಬಳಕೆಯಲ್ಲಿದೆ. ಅದಕ್ಕೆ ಒಪ್ಪಿತವಾದ ಮಾನದಂಡ ಇಲ್ಲದಿರುವುದರಿಂದ ಪೆಟ್ಟಿಗೆಯ ಮೇಲೆ ಸಾವಿರದ ಅಂಕಿಗಳನ್ನೂ ಅಚ್ಚು ಹಾಕಿಬಿಡಬಹುದು. ನೋಡಬೇಕಾದದ್ದು ಆರ್.ಎಂ.ಎಸ್. ವ್ಯಾಟ್, ಅಂದರೆ ಆಂಪ್ಲಿಫೈಯರ್ ನಿರಂತರವಾಗಿ ಕೊಡಬಲ್ಲ ಶಕ್ತಿ. ಲಾಜಿಟೆಕ್ ಝಡ್213 ಎಂಬ ಮಾದರಿಗೆ ಅದು 7 ವ್ಯಾಟ್, ಅದೇ ಕಂಪನಿಯ ಝಡ್313ಕ್ಕೆ 25 ವ್ಯಾಟ್. ಯುಎಸ್‌ಬಿ ತಂತಿಯಿಂದಲೇ ವಿದ್ಯುತ್ ಪಡೆಯುವ ಕ್ರಿಯೇಟಿವ್ ಪೆಬಲ್ ಪ್ಲಸ್‌ಗೆ 8 ವ್ಯಾಟ್. ಈ ಅಂಕಿಗಳನ್ನು ಪ್ರಾಮಾಣಿಕವಾಗಿ ಬರೆಯುವ ಕಂಪನಿಗಳ ಪಕ್ಕದಲ್ಲಿ, ಅದೇ ಬೆಲೆಗೆ 60, 80 ವ್ಯಾಟ್ ಎಂದು ಬರೆದುಕೊಂಡ ಪೆಟ್ಟಿಗೆಗಳು ಕುಳಿತಿರುತ್ತವೆ. ಸಂಶಯ ಬಂದಲ್ಲಿ ನಾನು ಸಬ್‌ವೂಫರಿನ ಬೆನ್ನನ್ನೋ ಅದರ ಅಡಾಪ್ಟರನ್ನೋ ತಿರುಗಿಸಿ ನೋಡುತ್ತಿದ್ದೆ. ಅಡಾಪ್ಟರಿನ ಮೇಲೆ 12 ವೋಲ್ಟ್, 2 ಆಂಪಿಯರ್ ಎಂದಿದ್ದರೆ ಒಳಗೆ ಹೋಗುವುದೇ 24 ವ್ಯಾಟ್. ಹೊರಗೆ 60 ವ್ಯಾಟ್ ಎಡೆಬಿಡದೆ ಬರುವುದು ಸಾಧ್ಯವಿಲ್ಲ.

ಇನ್ನು ಶಕ್ತಿ ಇಮ್ಮಡಿಯಾದರೆ ಸದ್ದು ಇಮ್ಮಡಿಯಾಗುವುದಿಲ್ಲ, 3 ಡೆಸಿಬೆಲ್ ಮಾತ್ರ ಏರುತ್ತದೆ. ಕಿವಿಗೆ ಇಮ್ಮಡಿ ಜೋರು ಅನ್ನಿಸಲು ಸುಮಾರು ಹತ್ತು ಪಟ್ಟು ಶಕ್ತಿ ಬೇಕು. ಮೂರಡಿ ದೂರದಲ್ಲಿ ಕುಳಿತು ಕೇಳುವವನಿಗೆ 20, 25 ನಿಜವಾದ ವ್ಯಾಟ್ ಧಾರಾಳವಾಗಿ ಸಾಕು ಎಂದು ತೀರ್ಮಾನಿಸಿ ಆ ಚಿಂತೆಯನ್ನು ಅಲ್ಲಿಗೇ ಬಿಟ್ಟೆ. ‘20 ಹರ್ಟ್ಜ್‌ನಿಂದ 20,000 ಹರ್ಟ್ಜ್’ ಎಂಬ ಬರಹವನ್ನೂ ಗಣನೆಗೆ ತೆಗೆದುಕೊಳ್ಳಲಿಲ್ಲ. ಅದು ಮನುಷ್ಯನ ಕಿವಿಯ ವ್ಯಾಪ್ತಿಯೇ ಹೊರತು ಆ ಪೆಟ್ಟಿಗೆಯದಲ್ಲ. ಎಷ್ಟು ಡೆಸಿಬೆಲ್‌ನ ಏರಿಳಿತದೊಳಗೆ ಎಂದು ಹೇಳದ ಹೊರತು ಆ ವಿವರಕ್ಕೆ ಬೆಲೆಯಿಲ್ಲ.

ಬೆಂಗಳೂರಿನಲ್ಲಿ ಇಂಥ ಸಾಮಾನನ್ನು ಕೇಳಿ ನೋಡಿ ಕೊಳ್ಳಲು ಇನ್ನೂ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಯೇ ಆಗಬೇಕು. ಮಾಲ್‌ಗಳ ಅಂಗಡಿಗಳಲ್ಲಿ ಸೆಟ್‌ಗಳನ್ನು ಜೋಡಿಸಿಟ್ಟಿರುತ್ತಾರಾದರೂ ನಮಗೆ ಬೇಕಾದ್ದನ್ನು ಹಾಕಿ ಕೇಳಲು ಬಿಡುವುದು ಕಡಿಮೆ. ಆನ್‌ಲೈನ್‌ನಲ್ಲಿ ಬೆಲೆ ಇಳಿದಿರಬಹುದು, ಆದರೆ ಸದ್ದು ಪೆಟ್ಟಿಗೆ ಒಡೆದ ಮೇಲೆಯೇ ತಿಳಿಯುವುದು. ಶನಿವಾರ ಬೆಳಿಗ್ಗೆ, ಜನಜಂಗುಳಿ ಸೇರುವ ಮೊದಲೇ, ಚಿಕ್ಕಪೇಟೆ ಮೆಟ್ರೊ ನಿಲ್ದಾಣದಲ್ಲಿ ಇಳಿದು ನಡೆದುಹೋದೆ. ಫೋನಿನಲ್ಲಿ ನನಗೆ ಬಾಯಿಪಾಠವಾಗಿರುವಷ್ಟು ಪರಿಚಿತವಾದ ಕೆಲವು ತುಣುಕುಗಳನ್ನು ಹಾಕಿಕೊಂಡಿದ್ದೆ: ತಗ್ಗಿನ ದನಿಯ ಅರ್ಥಧಾರಿಯೊಬ್ಬರ ಮಾತು, ಚಂಡೆ ಮದ್ದಳೆ ಎರಡೂ ಇರುವ ಒಂದು ಏರುಪದ, ತಾನ್‌ಪುರದೊಂದಿಗೆ ಆರಂಭವಾಗುವ ಒಂದು ವಿಲಂಬಿತ ಖಯಾಲ್. ಇವುಗಳ ಜೊತೆಗೆ ಬೇಕಾದ ಆವರ್ತನದ ಒಂಟಿ ಸ್ವರವನ್ನು ಹೊರಡಿಸುವ ಉಚಿತ ಆ್ಯಪ್ ಒಂದಿತ್ತು.

ಅಂಗಡಿಯವರು ಮೊದಲು ಹಾಕುವುದು ಅವರದೇ ಪೆನ್‌ಡ್ರೈವಿನ ಡಿಜೆ ಹಾಡನ್ನು. ‘ಬೇಸ್ ನೋಡಿ ಸಾರ್, ಎದೆ ನಡುಗುತ್ತೆ’ ಎಂದ ಹುಡುಗ ಹೇಳಿದ್ದು ನಿಜವೇ ಆಗಿತ್ತು. ಗಾಜಿನ ಕಪಾಟೂ ನಡುಗಿತು. ನಾನು ತಾಳಮದ್ದಳೆಯ ತುಣುಕು ಹಾಕಿದಾಗ ಅವನ ಮುಖದಲ್ಲಿ ಸ್ವಲ್ಪ ನಿರಾಶೆ ಕಾಣಿಸಿತು. ಆ ಸೆಟ್ಟಿನಲ್ಲಿ ಕೇಳಿಸಿದ್ದೂ ನಿರಾಶೆಯೇ: ಅರ್ಥಧಾರಿಯ ಮಾತಿನ ತೆಳುವಾದ ಅಂಶ ಮೇಜಿನ ಮೇಲಿನಿಂದ, ದಪ್ಪನೆಯ ಅಂಶ ನೆಲದ ಮೇಲಿನ ಪೆಟ್ಟಿಗೆಯಿಂದ ಬರುತ್ತಿದ್ದು, ಒಬ್ಬನೇ ಮನುಷ್ಯ ಎರಡು ಕಡೆ ಕುಳಿತು ಮಾತನಾಡುತ್ತಿರುವಂತೆ ತೋರಿತು.

ಹೀಗಾಗುವುದಕ್ಕೆ ಕಾರಣ ಕ್ರಾಸ್‌ಓವರ್, ಅಂದರೆ ಸ್ಯಾಟಲೈಟ್ ತನ್ನ ಕೆಲಸ ಮುಗಿಸಿ ಸಬ್‌ವೂಫರಿಗೆ ಒಪ್ಪಿಸುವ ಆವರ್ತನ. ಸುಮಾರು 80 ಹರ್ಟ್ಜ್‌ಗಿಂತ ಕೆಳಗಿನ ಸದ್ದು ಕೋಣೆಯಲ್ಲಿ ಯಾವ ದಿಕ್ಕಿನಿಂದ ಬರುತ್ತಿದೆಯೆಂದು ಗುರುತಿಸುವುದು ನಮ್ಮ ಕಿವಿಗೆ ಕಷ್ಟ. ಅದರ ಅಲೆಯ ಉದ್ದವೇ ನಾಲ್ಕು ಮೀಟರಿಗೂ ಹೆಚ್ಚು. ಒಳ್ಳೆಯ ದೊಡ್ಡ ವ್ಯವಸ್ಥೆಗಳಲ್ಲಿ ಆ ಗಡಿಯ ಆಸುಪಾಸಿನಲ್ಲೇ ಕೆಲಸ ಹಂಚಿಕೆಯಾಗುವುದರಿಂದ ಸಬ್‌ವೂಫರ್ ಎಲ್ಲಿದೆಯೆಂಬುದೇ ತಿಳಿಯುವುದಿಲ್ಲ. ಅಗ್ಗದ ಸೆಟ್‌ಗಳಲ್ಲಿ ಸ್ಯಾಟಲೈಟ್ ಚಿಕ್ಕದಾದಷ್ಟೂ ಆ ಗಡಿ ಮೇಲೆ ಸರಿಯುತ್ತದೆ. 150 ಹರ್ಟ್ಜ್‌ನ ಆಚೀಚೆ, ಕೆಲವೊಮ್ಮೆ 200ರ ತನಕವೂ ಹೋಗುತ್ತದೆ. ಗಂಡಸರ ಮಾತಿನ ಮೂಲಸ್ವರ ಇರುವುದು ಸುಮಾರು 85ರಿಂದ 180 ಹರ್ಟ್ಜ್‌ನ ನಡುವೆ. ಎಂದರೆ ಮಾತಿನ ಬುಡವೆಲ್ಲ ಸಬ್‌ವೂಫರಿನ ಪಾಲು, ಅಕ್ಷರಗಳ ಅಂಚೆಲ್ಲ ಸ್ಯಾಟಲೈಟಿನ ಪಾಲು. ಹೆಂಗಸರ ದನಿಯ ಮೂಲಸ್ವರ ಹೆಚ್ಚುಕಡಿಮೆ 165 ಹರ್ಟ್ಜ್‌ನಿಂದ ಮೇಲಿರುವುದರಿಂದ ಗಾಯಕಿಯರ ಹಾಡುಗಳನ್ನಷ್ಟೇ ಹಾಕಿ ಪರೀಕ್ಷಿಸಿದವರಿಗೆ ಈ ದೋಷ ಅಷ್ಟಾಗಿ ಕಾಣಿಸದೆ ಹೋಗಬಹುದು.

ಕ್ರಾಸ್‌ಓವರ್ ಎಷ್ಟೆಂದು ಈ ದರ್ಜೆಯ ಪೆಟ್ಟಿಗೆಗಳ ಮೇಲೆ ಬರೆದಿರುವುದಿಲ್ಲ. ಆದರೆ ಅದನ್ನು ಅಂಗಡಿಯಲ್ಲೇ ಕಿವಿಯಿಂದ ಪತ್ತೆ ಮಾಡಬಹುದು. ಸಬ್‌ವೂಫರಿನ ಹಿಂದೆ ಸ್ಯಾಟಲೈಟ್‌ಗಳ ಪಿನ್‌ಗಳನ್ನು ಸಿಕ್ಕಿಸಿರುತ್ತಾರೆ. ಸದ್ದನ್ನು ಪೂರ್ತಿ ತಗ್ಗಿಸಿ ಅವೆರಡನ್ನೂ ಕಿತ್ತು, ಮತ್ತೆ ಸದ್ದು ಏರಿಸಿ ಮಾತಿನ ತುಣುಕನ್ನು ಸಬ್‌ವೂಫರೊಂದರಲ್ಲೇ ಕೇಳಬೇಕು. ಬರೀ ಗುಂಯ್‌ಗುಡುವಿಕೆ ಕೇಳಿಸಿ, ಯಾರೋ ಏನೋ ಹೇಳುತ್ತಿದ್ದಾರೆ ಎಂಬುದಕ್ಕಿಂತ ಹೆಚ್ಚು ತಿಳಿಯದಿದ್ದರೆ ಒಳ್ಳೆಯದು. ಪದಗಳೇ ಅರ್ಥವಾಗುವಂತಿದ್ದರೆ ಆ ಸೆಟ್ಟಿನಲ್ಲಿ ಸಬ್‌ವೂಫರ್ ತನ್ನದಲ್ಲದ ಕೆಲಸವನ್ನೂ ಮಾಡುತ್ತಿದೆಯೆಂದು ಲೆಕ್ಕ. ಬಳಿಕ ಪಿನ್‌ಗಳನ್ನು ಮರಳಿ ಹಾಕಿ, ಬೇಸ್ ಗುಂಡಿಯನ್ನು ಪೂರ್ತಿ ಇಳಿಸಿ ಸ್ಯಾಟಲೈಟ್‌ಗಳನ್ನು ಮಾತ್ರ ಕೇಳಬೇಕು. ಮಾತು ಟೆಲಿಫೋನಿನಲ್ಲಿ ಬಂದಂತೆ ಸೊರಗಿದರೆ ಅವು ತೀರ ಚಿಕ್ಕವೆಂದು ಅರ್ಥ. ಒಂದೆರಡು ಅಂಗಡಿಗಳಲ್ಲಿ ಪಿನ್ ಕೀಳಲು ಒಪ್ಪಲಿಲ್ಲ. ಒಪ್ಪಿದ ಕಡೆ ನೋಡಿದ ಸೆಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಈ ಎರಡು ಪರೀಕ್ಷೆಗಳಲ್ಲೇ ಹೊರಬಿದ್ದವು. ಬೆಲೆಗೂ ಈ ಫಲಿತಾಂಶಕ್ಕೂ ನೇರವಾದ ಸಂಬಂಧ ಕಾಣಲಿಲ್ಲ; ಬಣ್ಣದ ದೀಪ, ರಿಮೋಟ್, ಎಫ್.ಎಂ., ಮೆಮೊರಿ ಕಾರ್ಡಿನ ಸೀಳು ಎಲ್ಲವೂ ಇದ್ದ ದುಬಾರಿ ಸೆಟ್ಟೊಂದರ ಸ್ಯಾಟಲೈಟ್ ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಪುಟ್ಟದಾಗಿತ್ತು.

ಉಳಿದವುಗಳ ಮೇಲೆ ಒಂಟಿ ಸ್ವರಗಳನ್ನು ಹರಿಸಿದೆ. 200ರಿಂದ ಕೆಳಗಿಳಿಯುತ್ತಾ 100ರ ತನಕ ಸದ್ದು ಒಂದೇ ಸಮವಾಗಿರಬೇಕು. ಎಲ್ಲೋ ಒಂದು ಕಡೆ ಧಿಡೀರನೆ ಉಬ್ಬಿ ಇನ್ನೊಂದು ಕಡೆ ತಗ್ಗಿದರೆ, ರಾಗದ ಕೆಲವು ಸ್ವರಗಳು ಮಾತ್ರ ಗುಡುಗುತ್ತವೆ. ಒಂದು ಸೆಟ್ಟಿನಲ್ಲಿ 160ರ ಹತ್ತಿರ ಸ್ವರ ಬಹುಮಟ್ಟಿಗೆ ಮಾಯವಾಗಿ 110ರಲ್ಲಿ ಮತ್ತೆ ಎದ್ದಿತು. ಸ್ಯಾಟಲೈಟ್ ಕೈಬಿಟ್ಟದ್ದನ್ನು ಸಬ್‌ವೂಫರ್ ಹಿಡಿದುಕೊಂಡೇ ಇರಲಿಲ್ಲ. 60ಕ್ಕೆ ಇಳಿದಾಗ ಹೆಚ್ಚಿನವುಗಳ ಗಾಳಿಕಿಂಡಿಯಿಂದ ಫುಸ್‌ಫುಸ್ ಎಂಬ ಉಸಿರಾಟದ ಸದ್ದು ಹೊರಟಿತು. ಇದನ್ನು ನಾನು ದೊಡ್ಡ ದೋಷವೆಂದು ಎಣಿಸಲಿಲ್ಲ. ನನ್ನ ಹಿಮ್ಮೇಳದಲ್ಲಿ 80ರ ಕೆಳಗೆ ಬರುವಂಥದ್ದು ಇಲ್ಲವೆನ್ನುವಷ್ಟು ಕಡಿಮೆ. ಸಿನಿಮಾದ ಸ್ಫೋಟಗಳು ಬೇಕಾದವರು ಇದಕ್ಕೆ ಹೆಚ್ಚು ಅಂಕ ಕೊಡಬೇಕಾದೀತು.

ಮೇಲಿನ ಸ್ವರಗಳ ಪರೀಕ್ಷೆಗೆ ಚಂಡೆಗಿಂತ ಕಠೋರವಾದದ್ದು ಇನ್ನೊಂದಿಲ್ಲ. ಏರುಪದದಲ್ಲಿ ಚಂಡೆಯ ಪೆಟ್ಟುಗಳು ಬಿಡಿಬಿಡಿಯಾಗಿ ಕೇಳಿಸುತ್ತಲೇ ಅದರ ಹಿಂದೆ ಭಾಗವತರ ಕೈಯ ತಾಳದ ಕಿಣಿಕಿಣಿಯೂ ಉಳಿಯಬೇಕು. ಹಲವು ಸ್ಯಾಟಲೈಟ್‌ಗಳಲ್ಲಿ ಮೇಲೊಂದು ಕೆಳಗೊಂದು ಕೋನ್ ಕಾಣಿಸುತ್ತದೆ; ಹತ್ತಿರ ಕಿವಿಯಿಟ್ಟರೆ ಒಂದರಿಂದ ಮಾತ್ರ ಸದ್ದು ಬರುತ್ತದೆ, ಇನ್ನೊಂದು ಅಲಂಕಾರಕ್ಕೆ ಕೂರಿಸಿದ ಪ್ಲಾಸ್ಟಿಕ್. ಹಾಗಿದ್ದದ್ದನ್ನು ಸದ್ದು ಕೆಟ್ಟದೆಂಬುದಕ್ಕಿಂತ ಮೋಸವೆಂಬ ಸಿಟ್ಟಿನಿಂದಲೇ ಬದಿಗಿಟ್ಟೆ. ಒಂದೇ ಕೋನ್ ಇದ್ದೂ ಚಂಡೆಯನ್ನು ಚೀರಾಟವಾಗಿಸದ ಸೆಟ್ ಎರಡು ಮಾತ್ರ ಉಳಿದವು.

ಅವೆರಡರಲ್ಲಿ ಆಯ್ಕೆಯನ್ನು ನಿರ್ಧರಿಸಿದ್ದು ಗುಂಡಿಗಳಿದ್ದ ಜಾಗ. ಒಂದರಲ್ಲಿ ಸದ್ದಿನ ಗುಂಡಿ, ಬೇಸ್ ಗುಂಡಿ, ಸ್ವಿಚ್ಚು ಎಲ್ಲವೂ ಸಬ್‌ವೂಫರಿನ ಬೆನ್ನಿಗಿದ್ದು, ಪ್ರತಿ ಸಲವೂ ಮೇಜಿನಡಿ ತೂರಬೇಕಾಗಿತ್ತು. ಇನ್ನೊಂದರಲ್ಲಿ ತಂತಿಯ ತುದಿಗೆ ಸದ್ದಿನ ಗುಂಡಿಯೂ ಇಯರ್‌ಫೋನ್ ಸಿಕ್ಕಿಸುವ ತೂತೂ ಇದ್ದ ಪುಟ್ಟ ಡಬ್ಬಿ ಬಂದಿತ್ತು. ಸಬ್‌ವೂಫರಿನ ಪೆಟ್ಟಿಗೆ ಎಂ.ಡಿ.ಎಫ್. (ಮರದ ನಾರನ್ನು ಒತ್ತಿ ಮಾಡಿದ) ಹಲಗೆಯದು, ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತಿರಲಿಲ್ಲ. ಸ್ಯಾಟಲೈಟ್ ಮೂರಿಂಚಿನದು. ಬ್ಲೂಟೂತ್ ಇರಲಿಲ್ಲ, ಅದು ನನಗೆ ಕೊರತೆಯೆನಿಸಲಿಲ್ಲ. ಬ್ಲೂಟೂತ್‌ನಲ್ಲಿ ಸದ್ದು ಸಾಮಾನ್ಯವಾಗಿ 100ರಿಂದ 200 ಮಿಲಿಸೆಕೆಂಡು ತಡವಾಗಿ ತಲುಪುತ್ತದೆ. ವೀಡಿಯೊ ತೋರಿಸುವ ತಂತ್ರಾಂಶ ಅದನ್ನು ಸರಿದೂಗಿಸದಿದ್ದರೆ ವೇಷಧಾರಿಯ ಹೆಜ್ಜೆ ಬಿದ್ದ ಮೇಲೆ ಚಂಡೆ ಕೇಳಿಸುತ್ತದೆ. 3,400 ರೂಪಾಯಿಗೆ ಮಾತು ಮುಗಿಯಿತು. ಬಿಲ್ ಬೇಡವೆಂದರೆ ಇನ್ನೂ ಇಳಿಸುವುದಾಗಿ ಹೇಳಿದರು. ಒಂದು ವರ್ಷದ ವಾರಂಟಿ ಬಿಲ್ಲಿನ ಮೇಲೆಯೇ ನಿಂತಿರುವುದರಿಂದ ಜಿ.ಎಸ್.ಟಿ. ಬಿಲ್ಲನ್ನೇ ಕೇಳಿ ಪಡೆದೆ. ಮಾದರಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಏಕೆಂದರೆ ಈ ದರ್ಜೆಯಲ್ಲಿ ಅದೇ ಹೆಸರಿನ ಪೆಟ್ಟಿಗೆಯೊಳಗೆ ಮುಂದಿನ ವರ್ಷ ಬೇರೆ ಕೋನ್ ಇರುವುದು ಅಸಾಧ್ಯವೇನಲ್ಲ.

ಮನೆಗೆ ತಂದು ಜೋಡಿಸಿದಾಗ ಅಂಗಡಿಯಲ್ಲಿ ಅಷ್ಟು ಚೊಕ್ಕವಾಗಿದ್ದ ಮಾತು ಕೊಡದೊಳಗಿನಿಂದ ಬಂದಂತೆ ಮೊಳಗತೊಡಗಿತು. ಅದು ಸ್ಪೀಕರಿನ ದೋಷವಾಗಿರಲಿಲ್ಲ, ಕೋಣೆಯದು. ನನ್ನ ಕೋಣೆ ಹತ್ತಡಿಗೆ ಹನ್ನೆರಡಡಿ. ಎದುರುಬದುರಾದ ಗೋಡೆಗಳ ನಡುವಿನ ಅಂತರಕ್ಕೆ ಸರಿಯಾಗಿ ಹೊಂದುವ ಅಲೆಗಳು ಆ ಕೋಣೆಯಲ್ಲಿ ಉಬ್ಬಿಕೊಳ್ಳುತ್ತವೆ. ಲೆಕ್ಕ ಹಾಕಿದರೆ ಹನ್ನೆರಡಡಿಗೆ ಸುಮಾರು 47 ಮತ್ತು 94 ಹರ್ಟ್ಜ್, ಹತ್ತಡಿಗೆ 56 ಮತ್ತು 112 ಹರ್ಟ್ಜ್ ಬರುತ್ತದೆ. 94, 112 ಎರಡೂ ಅರ್ಥಧಾರಿಯ ದನಿಯ ನಟ್ಟನಡುವೆ ಇವೆ. ನಾನು ಸಬ್‌ವೂಫರನ್ನು ಜಾಗ ಇದ್ದುದರಿಂದ ಮೂಲೆಗೆ ತಳ್ಳಿದ್ದೆ. ಮೂಲೆಯಲ್ಲಿ ಈ ಎಲ್ಲ ಉಬ್ಬುಗಳೂ ಪೂರ್ಣ ಪ್ರಮಾಣದಲ್ಲಿ ಏಳುತ್ತವೆ. ಗೋಡೆಯ ಕಾಲುಭಾಗದ ದೂರದಲ್ಲಿ ಇಟ್ಟರೆ ಎರಡನೆಯ ಉಬ್ಬು, ಅಂದರೆ ನನ್ನನ್ನು ಕಾಡುತ್ತಿದ್ದ 94 ಹರ್ಟ್ಜ್, ಕೆರಳುವುದಿಲ್ಲ. ಹನ್ನೆರಡಡಿ ಗೋಡೆಯಲ್ಲಿ ಅದು ಮೂಲೆಯಿಂದ ಮೂರಡಿ. ಪೆಟ್ಟಿಗೆಯನ್ನು ಅಲ್ಲಿಗೆ ಸರಿಸಿದಾಗ ಆದ ವ್ಯತ್ಯಾಸ, ಇನ್ನೂ ಎರಡು ಸಾವಿರ ಹೆಚ್ಚು ಕೊಟ್ಟು ಬೇರೆ ಸೆಟ್ ಕೊಂಡಿದ್ದರೂ ಆಗುತ್ತಿರಲಿಲ್ಲವೇನೋ. ಸ್ಯಾಟಲೈಟ್ ತಂತಿಗಳು ಬಹಳ ಉದ್ದವಿಲ್ಲದ ಕಾರಣ ಮೇಜನ್ನೂ ಸ್ವಲ್ಪ ಎಳೆಯಬೇಕಾಯಿತು. ಸ್ಯಾಟಲೈಟ್‌ಗಳ ಕೆಳಗೆ ದಪ್ಪ ಪುಸ್ತಕಗಳನ್ನಿಟ್ಟು ಕಿವಿಯ ಮಟ್ಟಕ್ಕೆ ತಂದು, ನಾನು ಕೂರುವ ಕಡೆಗೆ ಓರೆಯಾಗಿ ತಿರುಗಿಸಿದ ಮೇಲೆ ಮೇಜಿನಿಂದ ಪುಟಿದು ಬರುತ್ತಿದ್ದ ಸದ್ದೂ ಕಡಿಮೆಯಾಯಿತು.

ಇನ್ನೊಂದು ತೊಂದರೆ ಹಮ್ಮಿಂಗ್. ಏನೂ ನುಡಿಸದಿದ್ದಾಗಲೂ ಸಣ್ಣಗೆ ಗುಂಯ್ ಎನ್ನುತ್ತಿತ್ತು. ಕಂಪ್ಯೂಟರಿನ ಲೋಹದ ಕ್ಯಾಬಿನೆಟ್ಟನ್ನು ಕೈಯಿಂದ ಮುಟ್ಟಿದರೆ ನಿಲ್ಲುತ್ತಿತ್ತು, ಮುಟ್ಟಿದ ಬೆರಳಿಗೆ ಜುಮ್ಮೆನ್ನುತ್ತಿತ್ತು. ಬಾಡಿಗೆ ಮನೆಗಳಲ್ಲಿ ಇದು ಅಪರೂಪವಲ್ಲ: ಸಾಕೆಟ್ಟಿನಲ್ಲಿ ಮೂರನೆಯ ತೂತು ಇರುತ್ತದೆ, ಅದರ ಹಿಂದೆ ಅರ್ತಿಂಗ್ ಇರುವುದಿಲ್ಲ. ಆಗ ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಎಸ್.ಎಂ.ಪಿ.ಎಸ್. ಘಟಕದ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳ ಮೂಲಕ ಕ್ಯಾಬಿನೆಟ್ಟಿಗೆ ಮನೆಯ ವೋಲ್ಟೇಜಿನ ಸುಮಾರು ಅರ್ಧದಷ್ಟು ಬಂದು ಕೂರುತ್ತದೆ. ಕರೆಂಟು ಅತ್ಯಲ್ಪವಾದರೂ 50 ಹರ್ಟ್ಜ್‌ನ ಗುಂಯ್‌ಗುಡುವಿಕೆಗೆ ಅಷ್ಟು ಸಾಕು. ಎಲೆಕ್ಟ್ರಿಷಿಯನ್ ಬಂದು ಸಾಕೆಟ್ಟಿಗೆ ಅರ್ತಿಂಗ್ ತಂತಿ ಎಳೆದ ಮೇಲೆ ಸದ್ದು ನಿಂತಿತು. ಮೌಸ್ ಸರಿಸಿದಾಗ ಮಾತ್ರ ಬರುತ್ತಿದ್ದ ಚಿರಿಚಿರಿ ಉಳಿದಿತ್ತು. ಕ್ಯಾಬಿನೆಟ್ಟಿನ ಮುಂಭಾಗದ ತೂತಿನಿಂದ ಪಿನ್ ಕಿತ್ತು ಹಿಂಭಾಗದ ಹಸಿರು ತೂತಿಗೆ ಹಾಕಿ, ವಿಂಡೋಸ್‌ನ ಸದ್ದನ್ನು 85ರಲ್ಲಿಟ್ಟು ಸ್ಪೀಕರಿನ ಗುಂಡಿಯನ್ನು ತಗ್ಗಿಸಿಕೊಂಡಾಗ ಅದೂ ಕಿವಿಗೆ ಬೀಳದಷ್ಟಾಯಿತು.

ಕೆಳಗಿನ ಮನೆಯಲ್ಲಿ ಮಾಲೀಕರಿದ್ದಾರೆ. ‘ಪದ ಏನೂ ಕೇಳಲ್ಲಪ್ಪ, ರಾತ್ರಿ ಬರೀ ಗುಂ ಗುಂ ಅಂತಿರುತ್ತೆ’ ಎಂದು ಒಂದು ದಿನ ಮೆಟ್ಟಿಲ ಬಳಿ ಹೇಳಿದರು. ತಗ್ಗಿನ ಸ್ವರಗಳು ಗೋಡೆ ನೆಲಗಳನ್ನು ಸುಲಭವಾಗಿ ದಾಟುತ್ತವೆ, ಮೇಲಿನವು ತಡೆಯಲ್ಪಡುತ್ತವೆ. ಅವರಿಗೆ ಕೇಳುವುದು ಮದ್ದಳೆಯ ಬುಡ ಮಾತ್ರ. ಸಬ್‌ವೂಫರಿನ ಅಡಿಗೆ ದಪ್ಪ ರಬ್ಬರ್ ಹಾಳೆ ಹಾಕಿದೆ. ನೆಲದ ಮೂಲಕ ಹೋಗುವ ಅದುರುವಿಕೆ ಅದರಿಂದ ತಗ್ಗಿತು, ಗಾಳಿಯಲ್ಲಿ ಹರಡುವುದಕ್ಕೆ ರಬ್ಬರ್ ಏನೂ ಮಾಡಲಾರದು. ಆದ್ದರಿಂದ ರಾತ್ರಿ ಒಂಬತ್ತೂವರೆಯ ಮೇಲೆ ಬೇಸ್ ಗುಂಡಿ ಕಾಲುಭಾಗಕ್ಕೆ ಇಳಿಯುತ್ತದೆ. ಮೂರಿಂಚಿನ ಸ್ಯಾಟಲೈಟ್ ಆಯ್ದುಕೊಂಡದ್ದರ ಲಾಭ ಆಗ ತಿಳಿಯುತ್ತದೆ, ಬೇಸ್ ಇಳಿದರೂ ಮಾತು ಸೊರಗುವುದಿಲ್ಲ.

ಕುಮಟೆಯಲ್ಲಿರುವ ತಮ್ಮ ಇದೇ ಸೆಟ್ ತನಗೂ ಬೇಕೆಂದಿದ್ದಾನೆ. ಅವನಿಗೆ ಬೇರೆಯದನ್ನೇ ಹುಡುಕಬೇಕಾಗಿದೆ, ಏಕೆಂದರೆ ಇದರ ಸಬ್‌ವೂಫರಿನ ಕೋನ್ ಸುತ್ತಲಿನ ಅಂಚು ಫೋಮಿನದು. ಕರಾವಳಿಯ ಆರ್ದ್ರತೆಯಲ್ಲಿ ಫೋಮ್ ಕೆಲವೇ ವರ್ಷಗಳಲ್ಲಿ ಪುಡಿಯಾಗಿ ಉದುರುತ್ತದೆ, ಎಂ.ಡಿ.ಎಫ್. ಹಲಗೆಯೂ ನೀರಿನ ಪಸೆ ತಗಲಿದರೆ ಉಬ್ಬುತ್ತದೆ. ರಬ್ಬರ್ ಅಂಚಿನ ಕೋನ್ ಇರಬೇಕು, ಪೆಟ್ಟಿಗೆಯನ್ನು ನೆಲದಿಂದ ಎರಡಿಂಚು ಮೇಲಿಡಬೇಕು, ಮಳೆಗಾಲದಲ್ಲಿ ವಾರಕ್ಕೆ ಕೆಲವು ಸಲವಾದರೂ ನುಡಿಸುತ್ತಿರಬೇಕು ಎಂದು ಬರೆದು ಕಳಿಸಿದ್ದೇನೆ. ಸ್ಯಾಟಲೈಟಿನ ಪಿನ್ ಕಿತ್ತು ಕೇಳಲು ಅಲ್ಲಿನ ಅಂಗಡಿಯವರು ಒಪ್ಪುತ್ತಾರೆಯೇ ಎಂದು ಅವನೇ ವಿಚಾರಿಸಲಿದ್ದಾನೆ.